ಅಳಿಸಿದ ನಲವತ್ತೆಂಟು ನಿಮಿಷ

ನಮ್ಮ ಮೊರಾಕ್ಕೊದಲ್ಲಿ ಯಾರಾದರೂ ಗಂಟೆ ಎಷ್ಟು ಎಂದು ಕೇಳಿದರೆ ಉತ್ತರಕ್ಕೆ ಮೊದಲು ಇನ್ನೊಂದು ಪ್ರಶ್ನೆ ಬರುತ್ತದೆ: ಹಳೇ ಗಂಟೆಯೋ, ಹೊಸ ಗಂಟೆಯೋ? ವರ್ಷವಿಡೀ ಒಂದು ಗಂಟೆ ಮುಂದೆ ಓಡುವ ಸರ್ಕಾರಿ ಗಡಿಯಾರ ರಂಜಾನ್ ಬಂತೆಂದರೆ ಒಂದು ಗಂಟೆ ಹಿಂದೆ ಸರಿಯುತ್ತದೆ. ಈದ್ ಮುಗಿದ ಮೇಲೆ ಒಂದು ಭಾನುವಾರ ಮತ್ತೆ ಮುಂದಕ್ಕೆ ಜಿಗಿಯುತ್ತದೆ. ನನಗೆ ಈ ಕುಣಿತ ಎಂದೂ ಹಿಡಿಸಿಲ್ಲ. ಸೂರ್ಯ ತನ್ನ ಪಾಡಿಗೆ ತಾನು ಹುಟ್ಟಿ ಮುಳುಗುತ್ತಾನೆ, ಇವರಿಗೇನು ಬಂದಿದೆ ರೋಗ? ಹಾಗಾಗಿ ರಂಜಾನಿನಲ್ಲೂ ನಾನು ನನ್ನ ಕೈಗಡಿಯಾರ ಮುಟ್ಟುತ್ತಿರಲಿಲ್ಲ. ಮನಸ್ಸಿನಲ್ಲೇ ಒಂದು ಕಳೆದುಕೊಳ್ಳುತ್ತಿದ್ದೆ. ಹಠಮಾರಿ ಎಂದು ನನ್ನ ಅಕ್ಕ ಬೈದರೆ, ಬೈಯಲಿ ಬಿಡು ಎಂದುಕೊಳ್ಳುತ್ತಿದ್ದೆ. 2020ರ ರಂಜಾನಿನ ಮೇಲೆ ಹಾಗೆನ್ನುವ ಬಾಯಿ ನನಗೆ ಉಳಿದಿಲ್ಲ.

ನಾನು ತೂರಿಯಾ. ಮೆಕ್ನೆಸ್ ಊರಿನ ಒಂದು ಆಸ್ಪತ್ರೆಯಲ್ಲಿ ಹದಿನಾರು ವರ್ಷಗಳಿಂದ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ. ಅದೇ ಕೋಣೆಯಲ್ಲಿ ನನ್ನೆದುರಿನ ಮೇಜು ಮೂನಿಮ್‌ನದು. ನನಗಿಂತ ಎರಡು ವರ್ಷ ಚಿಕ್ಕವನು, ಒಬ್ಬನೇ ಮಗ, ಹೆಂಡತಿ ಬಿಟ್ಟುಹೋದ ಮೇಲೆ ತಾಯಿಯ ಜೊತೆ ಇದ್ದವನು. ನಮ್ಮಲ್ಲಿ ಗೌರವಕ್ಕೆ ಹೆಂಗಸರ ಹೆಸರಿಗೆ ಲಲ್ಲಾ, ಗಂಡಸರ ಹೆಸರಿಗೆ ಸಿ ಸೇರಿಸುತ್ತೇವೆ. ತಾಯಿ ಲಲ್ಲಾ ಝೋರ್ ವಾರಕ್ಕೊಮ್ಮೆ ಅವನ ಕೈಯಲ್ಲಿ ನನಗೆಂದು ಪದರುರೊಟ್ಟಿ ಸುತ್ತಿ ಕಳಿಸುತ್ತಿದ್ದರು. ಆಮೇಲೆ ಫೋನ್ ಮಾಡಿ, "ತಿಂದ್ಯಾ ಮಗಳೇ, ಇಲ್ಲಾ ಈ ಕಳ್ಳ ದಾರೀಲೇ ಮುಗಿಸಿದ್ನಾ?" ಎಂದು ವಿಚಾರಿಸುತ್ತಿದ್ದರು. ನನ್ನ ತಾಯಿ ಹೋಗಿ ಬಹಳ ಕಾಲವಾಗಿತ್ತು. ಆ ಫೋನಿಗಾಗಿ ನಾನು ಕಾಯುತ್ತಿದ್ದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಆಸ್ಪತ್ರೆಯ ದಾಖಲೆಗಳಿಗೆಲ್ಲ ನಾವಿಬ್ಬರೂ ಸೇರಿ ಕಟ್ಟಿದ್ದು ಎರಡು ಲಿನಕ್ಸ್ ಸರ್ವರ್‌ಗಳ ಕ್ಲಸ್ಟರ್, ಒಂದು ಬಿದ್ದರೆ ಇನ್ನೊಂದು ಹೊರುವ ಜೋಡಿ. ಒಂದು ಮುಖ್ಯ ಕಟ್ಟಡದಲ್ಲಿ, ಇನ್ನೊಂದು ಅಂಗಳದಾಚೆಯ ಹೆರಿಗೆ ವಿಭಾಗದಲ್ಲಿ. ನಡುವೆ ನೆಲದಡಿ ಒಂದು ಕೇಬಲ್. ಮೊದಲನೆಯದಕ್ಕೆ ಝಿತೂನ್ ಎಂದೂ ಎರಡನೆಯದಕ್ಕೆ ಲೂಯಿಝಾ ಎಂದೂ ಹೆಸರಿಟ್ಟಿದ್ದು ಮೂನಿಮ್. ಒಂದು ಆಲಿವ್ ಮರ, ಇನ್ನೊಂದು ನಾವು ಚಹಾಕ್ಕೆ ಹಾಕುವ ಸೊಪ್ಪು. ಝಿತೂನ್ ದುಡಿಯುತ್ತದೆ, ಲೂಯಿಝಾ ಸುಮ್ಮನೆ ಕೂತು ಅದು ಬರೆದದ್ದನ್ನೆಲ್ಲ ಅಕ್ಷರ ಬಿಡದೆ ನಕಲು ಮಾಡಿಕೊಳ್ಳುತ್ತದೆ. ಸೆಕೆಂಡಿಗೊಮ್ಮೆ ಒಂದು ಇನ್ನೊಂದನ್ನು ಇದ್ದೀಯಾ ಎಂದು ಕೇಳುತ್ತದೆ. ಝಿತೂನ್‌ನಿಂದ ಉತ್ತರ ಬಾರದೆ ಹೋದರೆ ಲೂಯಿಝಾ ಎದ್ದು ಕೆಲಸ ವಹಿಸಿಕೊಳ್ಳುತ್ತದೆ. ಡಾಕ್ಟರುಗಳಿಗೆ ಗೊತ್ತೂ ಆಗುವುದಿಲ್ಲ.

ಇದರಲ್ಲಿ ಒಂದು ಅಪಾಯ ಇದೆ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಎದುರಿನದು ಸತ್ತಿದೆ ಎಂದೇನಲ್ಲ, ನಡುವಿನ ಕೇಬಲ್ ಹರಿದಿರಬಹುದು. ಆಗ ಎರಡೂ ತಾನೇ ಯಜಮಾನ ಎಂದುಕೊಂಡು ಬೇರೆ ಬೇರೆ ಬರೆಯತೊಡಗುತ್ತವೆ. ಕ್ಲಸ್ಟರಿನ ತಲೆ ಎರಡಾಯಿತು ಎನ್ನುತ್ತೇವೆ ನಾವು. ಹಾಗಾಗದಿರಲೆಂದು, ಕೆಲಸ ವಹಿಸಿಕೊಳ್ಳುವ ಮುಂಚೆ ಎದುರಿನದರ ಕರೆಂಟು ಕಿತ್ತುಬಿಡು ಎಂಬ ನಿಯಮ ಇಡಬೇಕು. ನಾವೂ ಇಟ್ಟಿದ್ದೆವು. 2019ರಲ್ಲಿ ಒಂದು ದಿನ ನೆಟ್‌ವರ್ಕ್ ತೊದಲಿ ಎರಡೂ ಒಂದೇ ಹೊತ್ತಿಗೆ ಒಂದರ ಕರೆಂಟನ್ನು ಇನ್ನೊಂದು ಕಿತ್ತವು. ಅರ್ಧ ದಿನ ಆಸ್ಪತ್ರೆ ಕಾಗದದ ಮೇಲೆ ನಡೆಯಿತು. ಮುದೀರ್ ಸಾಹೇಬರು, ನಮ್ಮ ನಿರ್ದೇಶಕರು, ಕೋಣೆಗೇ ಬಂದರು. "ಒಂದನ್ನೊಂದು ಕೊಲ್ಲೋ ಯಂತ್ರ ನನ್ನ ಆಸ್ಪತ್ರೇಲಿ ಬೇಡ. ತೆಗೀರಿ ಅದನ್ನ."

"ಬೇಡ ಕಣೇ, ತೆಗೀಬೇಡ. ತಲೆ ಎರಡಾದ್ರೆ ಆಮೇಲೆ ನಾವೇ ಬಾಯಿ ಬಡ್ಕೋಬೇಕು" ಎಂದ ಮೂನಿಮ್.

"ಅಷ್ಟು ಧೈರ್ಯ ಇದ್ರೆ ಮೇಲೆ ಹೋಗಿ ಅವರ ಮುಖಕ್ಕೆ ಹೇಳು ಹೋಗು. ನಾನು ಹೇಳಿ ಹೇಳಿ ಸಾಕಾಗಿದೆ."

ಅವನು ಹೋಗಲಿಲ್ಲ, ನಾನೂ ಹೋಗಲಿಲ್ಲ. ಜಗಳ ಬಂದಾಗ ಮತ ಹಾಕಲು ಮೂರನೇ ಸಣ್ಣ ಯಂತ್ರವೊಂದನ್ನು ಕೊಡಿಸಿ ಎಂದು ಅರ್ಜಿ ಕೊಟ್ಟೆವು. ಆ ಕಡತ ಯಾವ ಬೀರುವಿನಲ್ಲಿ ಮಲಗಿತೋ ದೇವರಿಗೇ ಗೊತ್ತು. ಕರೆಂಟು ಕೀಳುವ ನಿಯಮವನ್ನು ನಾನು ಒಂದೇ ಸಾಲು ಬರೆದು ನಿಲ್ಲಿಸಿದೆ. ನನ್ನ ಕೈಯಾರೆ.

2020ರ ಏಪ್ರಿಲ್ ಹೊತ್ತಿಗೆ ಕೊರೋನಾ ಬಂದು ಮುಖ್ಯ ಕಟ್ಟಡದ ಎರಡನೇ ಮಹಡಿಯನ್ನು ಮುಚ್ಚಿ ಬೇರೆ ವಾರ್ಡು ಮಾಡಿದ್ದರು. ಒಳಗೆ ಹೋದವರನ್ನು ಮನೆಯವರು ನೋಡುವಂತಿರಲಿಲ್ಲ. ಫೋನುಗಳನ್ನೂ ಬಾಗಿಲಲ್ಲೇ ಚೀಲಕ್ಕೆ ಹಾಕಿ ಇಟ್ಟುಕೊಳ್ಳುತ್ತಿದ್ದರು. ಮುದುಕರು, ಮುದುಕಿಯರು ಗೋಡೆ ನೋಡುತ್ತ ಮಲಗಿರುತ್ತಿದ್ದರು. ಅದನ್ನು ಕೇಳಿ ನಾವಿಬ್ಬರೂ ಒಂದು ವಾರ ಕೂತು ಸಣ್ಣದೊಂದು ಏರ್ಪಾಡು ಮಾಡಿದೆವು. ವಾರ್ಡಿನಲ್ಲಿ ಒಂದು ಟ್ಯಾಬ್. ನರ್ಸ್ ಗುಂಡಿ ಒತ್ತಿದರೆ ರೋಗಿ ಮಾತಾಡುತ್ತಾರೆ, ಧ್ವನಿ ನಮ್ಮ ಸರ್ವರಿಗೆ ಬರುತ್ತದೆ, ಮನೆಯವರು ಒಂದು ನಂಬರಿಗೆ ಫೋನ್ ಮಾಡಿ ಕೇಳಿಸಿಕೊಳ್ಳುತ್ತಾರೆ. ಹದಿನಾರು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ಜನ ಹರಸಿದ್ದು ಇದೊಂದಕ್ಕೇ.

ಮೇ ತಿಂಗಳ ಮೊದಲ ವಾರ ಲಲ್ಲಾ ಝೋರ್ ಅವರಿಗೇ ಜ್ವರ ಬಂತು. ಅವರನ್ನು ಆ ವಾರ್ಡಿಗೆ ಒಯ್ದರು. ಒಂದೇ ಮನೆಯಲ್ಲಿದ್ದವನೆಂದು ಮೂನಿಮ್‌ನನ್ನು ಎರಡು ವಾರ ಮನೆಯಿಂದ ಕದಲಬೇಡ ಎಂದರು. ಅವನು ದಿನಕ್ಕೆ ಆರು ಸಲ ನನಗೆ ಫೋನ್ ಮಾಡುತ್ತಿದ್ದ.

"ಅಮ್ಮ ಏನಾದ್ರೂ ಮಾತಾಡಿ ಇಟ್ಟಿದ್ದಾರಾ ನೋಡು."

"ಇಲ್ಲ ಕಣೋ. ಕೆಲ್ತೂಮ್ ಹೇಳಿದ್ಲು, ಆ ಡಬ್ಬಿ ಎದುರಿಗೆ ಮಾತಾಡೋಕೆ ನಾಚಿಕೆ ಆಗತ್ತಂತೆ ಅವರಿಗೆ."

"ನಾಚಿಕೆಯಂತೆ. ಫೋನಲ್ಲಾದ್ರೆ ಪಕ್ಕದ ಬೀದಿಗೂ ಕೇಳೋ ಹಾಗೆ ಮಾತಾಡ್ತಾರೆ. ಒಂದು ಮಾತಾದ್ರೂ ಆಡ್ಸೋಕೆ ಹೇಳು ತೂರಿಯಾ. ನನಗೆ ಆ ಧ್ವನಿ ಕೇಳ್ಬೇಕು, ಅಷ್ಟೇ."

ಕೆಲ್ತೂಮ್ ಆ ವಾರ್ಡಿನ ನರ್ಸ್. ನಾನು ಅವಳಿಗೆ ಹೇಳಿದೆ, ಅವಳು ನೋಡ್ತೀನಿ ಎಂದಳು.

ಮೇ ಹದಿನಾಲ್ಕು, ಗುರುವಾರ. ಸಂಜೆ ನಾನೊಬ್ಬಳೇ ಕೋಣೆಯಲ್ಲಿದ್ದೆ. ಅಂಗಳದಲ್ಲಿ ಆಮ್ಲಜನಕದ ಕೊಳವೆ ಹಾಕಲು ನೆಲ ಅಗೆಯುತ್ತಿದ್ದವರು, ಉಪವಾಸ ಬಿಡುವ ಹೊತ್ತಿಗೆ ಮನೆ ಸೇರಬೇಕೆಂದು ಎದ್ದುಬಿದ್ದು ಕೆಲಸ ಮುಗಿಸುತ್ತಿದ್ದರು. ಆರು ಗಂಟೆ ಮೂವತ್ತನಾಲ್ಕು ನಿಮಿಷಕ್ಕೆ ಅವರ ಗುದ್ದಲಿ ನಮ್ಮ ಕೇಬಲಿಗೆ ಬಿತ್ತು. ಝಿತೂನ್ ಇದ್ದೀಯಾ ಎಂದು ಕೇಳಿತು, ಉತ್ತರವಿಲ್ಲ. ಲೂಯಿಝಾ ಕೇಳಿತು, ಉತ್ತರವಿಲ್ಲ. ಎರಡೂ ಯಜಮಾನರಾದವು. ತಡೆಯುವ ನಿಯಮವನ್ನು ನಾನೇ ತೆಗೆದುಹಾಕಿದ್ದೆನಲ್ಲ. ಮುಖ್ಯ ಕಟ್ಟಡದ ಬರಹವೆಲ್ಲ ಝಿತೂನ್‌ಗೆ ಹೋಯಿತು, ಹೆರಿಗೆ ವಿಭಾಗದ್ದು ಲೂಯಿಝಾಗೆ.

ನಾನು ಹೋಗಿ ಆ ಜನರ ಮೇಲೆ ಕೂಗಾಡಿ, ಗುಂಡಿಗಿಳಿದು, ನಮ್ಮ ಕೇಬಲ್ ಕೆಲಸದವನನ್ನು ಕರೆಸಿ ತುಂಡು ಜೋಡಿಸುವ ಹೊತ್ತಿಗೆ ಏಳು ಇಪ್ಪತ್ತೆರಡು. ನಲವತ್ತೆಂಟು ನಿಮಿಷ. ಆಜಾನ್ ಆಗಿಹೋಗಿತ್ತು. ಊರಿಗೆ ಊರೇ ಬಾಯಿಗೆ ಖರ್ಜೂರ ಇಟ್ಟುಕೊಂಡು ಸುಮ್ಮನಾಗಿತ್ತು. ಕೈಗೆ ಮೆತ್ತಿದ ಮಣ್ಣನ್ನೂ ತೊಳೆಯದೆ ಪರದೆಯ ಮುಂದೆ ಕೂತೆ. ಎರಡೂ ಸರ್ವರ್‌ಗಳು ಮತ್ತೆ ಸೇರಲು ಒಪ್ಪಲಿಲ್ಲ. ಯಾವುದರ ಬರಹ ನಿಜ, ಯಾವುದರದ್ದು ಬಿಡಬೇಕು, ನೀನೇ ಹೇಳು ಎಂದು ಕಾದು ನಿಂತವು. ಇಂಥ ಹೊತ್ತಿನಲ್ಲಿ ಒಂದರ ಮಾತನ್ನು ಅಳಿಸಲೇಬೇಕು, ಬೇರೆ ದಾರಿಯಿಲ್ಲ.

ಅಳಿಸುವ ಮುಂಚೆ ನಕಲು ತೆಗೆದಿಡಬೇಕು. ಹೊಸಬರಿಗೆ ನಾನೇ ಪಾಠ ಹೇಳಿದ್ದೇನೆ. ನಕಲಿಗೆ ಇಪ್ಪತ್ತು ನಿಮಿಷ ಬೇಕಿತ್ತು. ವಾರ್ಡುಗಳಿಂದ ಒಂದರ ಮೇಲೊಂದು ಫೋನ್, ಲ್ಯಾಬಿನ ವರದಿ ಕಾಣುತ್ತಿಲ್ಲ, ಏನ್ ಮಾಡ್ತಿದ್ದೀರಿ ಎಂದು. ಬೆಳಗಿನ ಜಾವದಿಂದ ಹೊಟ್ಟೆಗೆ ಹನಿ ನೀರು ಬಿದ್ದಿರಲಿಲ್ಲ. ಎರಡರಲ್ಲೂ ಕೊನೆಯ ಬರಹದ ಗಂಟೆ ನೋಡಿದೆ. ಝಿತೂನ್‌ನಲ್ಲಿ ಏಳು ಹತ್ತೊಂಬತ್ತು. ಲೂಯಿಝಾದಲ್ಲಿ ಏಳು ನಲವತ್ತೊಂದು. ಲೂಯಿಝಾದ್ದೇ ಹೊಸದು ಎಂದುಕೊಂಡೆ. ಇನ್ನೂ ಏಳೂವರೆಯೇ ಆಗಿಲ್ಲವಲ್ಲ, ಏಳು ನಲವತ್ತೊಂದು ಎಲ್ಲಿಂದ ಬಂತು ಎಂದು ಯಾರಿಗಾದರೂ ಹೊಳೆಯಬೇಕಿತ್ತು. ನಾನು ಕೈಗಡಿಯಾರ ನೋಡಿಕೊಂಡೆ. ಅದು ಎಂಟೂ ಇಪ್ಪತ್ತೈದು ತೋರಿಸುತ್ತಿತ್ತು. ಸರಿಯಾಗಿದೆ ಅನಿಸಿತು. ಹಸಿದ ತಲೆ ಆ ಒಂದು ಗಂಟೆಯನ್ನು ಕಳೆಯಲಿಲ್ಲ.

ಝಿತೂನ್‌ಗೆ ನಿನ್ನದನ್ನು ಬಿಟ್ಟುಬಿಡು ಎಂದು ಆಜ್ಞೆ ಕೊಟ್ಟೆ. ನಾಲ್ಕು ನಿಮಿಷದಲ್ಲಿ ಲೂಯಿಝಾದ ಬರಹ ಅದರ ಮೇಲೆ ಹರಡಿಕೊಂಡಿತು. ಎಲ್ಲ ಹಸಿರು ದೀಪ. ಬಿಸಿ ಆರಿದ ಹರೀರಾ ಸೂಪು ಕುಡಿದು, ದೇವರಿಗೆ ಕೃತಜ್ಞತೆ ಹೇಳಿದೆ.

ಬೆಳಿಗ್ಗೆ ಲ್ಯಾಬಿನವರು ನಿನ್ನೆ ಸಂಜೆಯದು ಕೆಲವು ಕಾಣುತ್ತಿಲ್ಲ ಎಂದರು. ಅವರ ಹತ್ತಿರ ಕಾಗದ ಇತ್ತು, ಮತ್ತೆ ತುಂಬಿದರು. ಎಕ್ಸ್‌ರೇ ಚಿತ್ರಗಳು ಅದರದೇ ಯಂತ್ರದಲ್ಲಿದ್ದವು, ಮತ್ತೆ ಕಳಿಸಿದರು. ಹತ್ತು ಗಂಟೆಗೆ ಕೆಲ್ತೂಮ್ ಫೋನ್ ಮಾಡಿದಳು.

"ಲಲ್ಲಾ ತೂರಿಯಾ, ಸಿ ಮೂನಿಮ್ ಕೇಳಿಸ್ಕೊಂಡ್ರಾ? ನಿನ್ನೆ ಅವರಮ್ಮ ಮಾತಾಡಿದ್ರು. ಆಜಾನ್‌ಗೆ ಸ್ವಲ್ಪ ಮುಂಚೆ. ನಾಲ್ಕು ನಿಮಿಷ ಪೂರ್ತಿ. ಕೇಳಿ ಖುಷಿ ಪಟ್ಟಿರ್ತಾರೆ ಅಂದ್ಕೊಂಡೆ. ಪಾಪ, ಇವತ್ತು ಬೆಳಿಗ್ಗೆ ಗಂಟಲಿಗೆ ಕೊಳವೆ ಹಾಕಿದ್ದಾರೆ, ಇನ್ನು ಮಾತಿಲ್ಲ."

ನಾನು ಏನು ಹೇಳಿದೆನೋ ನೆನಪಿಲ್ಲ. ಎರಡೂ ಸರ್ವರ್ ಜಾಲಾಡಿದೆ. ಹಿಂದಿನ ರಾತ್ರಿಯ ಬ್ಯಾಕಪ್ಪಿನಲ್ಲಿ ಇರುವ ಮಾತೇ ಇಲ್ಲ. ಅಳಿಸಿದ ಜಾಗದ ಮೇಲೆ ಬೇರೆ ಬರಹ ಕೂತಾಗಿತ್ತು. ಆ ನಲವತ್ತೆಂಟು ನಿಮಿಷದಲ್ಲಿ ಹನ್ನೊಂದು ಜನ ಟ್ಯಾಬಿನ ಮುಂದೆ ಮಾತಾಡಿದ್ದರೆಂದು ಕೆಲ್ತೂಮ್‌ಳ ಪುಸ್ತಕದಲ್ಲಿ ಗುರುತಿತ್ತು. ಹನ್ನೊಂದು ಧ್ವನಿಯೂ ಹೋಗಿತ್ತು. ಧ್ವನಿಗೆ ಕಾಗದವಿಲ್ಲ.

ಆಮೇಲೆ ಲೂಯಿಝಾದ ಗಂಟೆ ನೋಡಿದೆ. ಒಂದು ಗಂಟೆ ಮುಂದೆ. ಹೆರಿಗೆ ವಿಭಾಗದ ಆ ಕೊನೆಯ ಬರಹ ನಿಜಕ್ಕೂ ಆರು ನಲವತ್ತೊಂದರದು. ಸರ್ವರ್‌ಗಳು ಸರಿಯಾದ ಹೊತ್ತನ್ನು ನೆಟ್‌ವರ್ಕಿನಿಂದ ತಾವೇ ಕೇಳಿ ತಿಳಿದುಕೊಳ್ಳುತ್ತವೆ. ಲೂಯಿಝಾದಲ್ಲಿ ಆ ಕೇಳುವುದನ್ನೇ ಯಾರೋ ನಿಲ್ಲಿಸಿದ್ದರು. ಯಾರೋ ಏನು, ಹಳೆಯ ಆಜ್ಞೆಗಳ ಪಟ್ಟಿಯಲ್ಲಿ ಹೆಸರೇ ಇತ್ತು: ಮೂನಿಮ್. 2018ರ ಅಕ್ಟೋಬರಿನಲ್ಲಿ ಸರ್ಕಾರ, ಈ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುವುದಿಲ್ಲ ಎಂದು ಶುಕ್ರವಾರ ಹೇಳಿತ್ತು. ದೇಶದ ಯಂತ್ರಗಳಿಗೆಲ್ಲ ಅದು ಹೇಗೆ ಗೊತ್ತಾಗಬೇಕು? ಆ ಗಡಿಬಿಡಿಯಲ್ಲಿ ನಾನು ಝಿತೂನ್‌ಗೆ ಗಡಿಯಾರ ಯಾವಾಗ ಬದಲಾಗಬೇಕು ಎಂಬ ಹೊಸ ಪಟ್ಟಿ ತಂದು ಹಾಕಿದ್ದೆ. ಮೂನಿಮ್ ಲೂಯಿಝಾದ ಮುಳ್ಳನ್ನು ಕೈಯಿಂದಲೇ ತಿರುಗಿಸಿ, ಅದು ತಿರುಗಿ ಹೋಗದಂತೆ ಕಟ್ಟಿಹಾಕಿದ್ದ. ಮರುವರ್ಷದ ರಂಜಾನಿಗೂ ಅವನೇ ಕೈಯಿಂದ ಹಿಂದೆ, ಈದ್ ಆದ ಮೇಲೆ ಕೈಯಿಂದ ಮುಂದೆ. ನನಗೆ ಹೇಳಿರಲಿಲ್ಲ. ಸುಮ್ಮನೆ ಕೂತಿರುವ ಸರ್ವರಿನ ಗಂಟೆಯನ್ನು ಯಾರು ನೋಡುತ್ತಾರೆ? ಈ ಏಪ್ರಿಲಿನಲ್ಲಿ, ಆ ಹೆದರಿಕೆಯ ನಡುವೆ, ಅವನು ಮರೆತಿದ್ದ.

ಅವನ ಸಾಲುಗಳನ್ನು ಆ ಆಜ್ಞೆಗಳ ಪಟ್ಟಿಯಿಂದ ಒಂದೊಂದಾಗಿ ಕಿತ್ತುಹಾಕಿದೆ. ಲೂಯಿಝಾದ ಗಂಟೆಯನ್ನು ನೆಟ್‌ವರ್ಕಿಗೆ ಕಟ್ಟಿದೆ. ತಾಯಿ ಕೊಳವೆ ಹಾಕಿಸಿಕೊಂಡು ಮಲಗಿರುವಾಗ, ನಿನ್ನ ಗಡಿಯಾರವೇ ಅವರ ಮಾತನ್ನು ತಿಂದಿತು ಎಂದು ಆ ಮಗನಿಗೆ ಹೇಳುವಷ್ಟು ಕಲ್ಲು ನನ್ನೆದೆಯಲ್ಲಿಲ್ಲ. ಆಮೇಲೆ ಅವನಿಗೆ ಫೋನ್ ಮಾಡಿದೆ.

"ಮೂನಿಮ್, ಕೂತ್ಕೋ. ಒಂದು ವಿಷಯ ಹೇಳ್ಬೇಕು."

"ಅಮ್ಮ?"

"ಅಮ್ಮ ಬೆಳಿಗ್ಗೆ ಇದ್ದ ಹಾಗೇ ಇದ್ದಾರೆ. ಇದು ಬೇರೆ. ನಿನ್ನೆ ಸಂಜೆ ಅವರು ನಿನಗೆ ಮಾತಾಡಿ ಇಟ್ಟಿದ್ರು. ನಾಲ್ಕು ನಿಮಿಷ. ಕೇಬಲ್ ಕಡಿದು ತಲೆ ಎರಡಾಯ್ತು. ಜೋಡಿಸುವಾಗ ನಾನು ತಪ್ಪು ಕಡೇದನ್ನ ಅಳಿಸ್ದೆ."

ಅವನ ಹಿಂದೆ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು.

"ನಕಲು?"

"ತೆಗೀಲಿಲ್ಲ."

"ಯಾವುದು ಹೊಸದು ಅಂತ ಹ್ಯಾಗೆ ತೀರ್ಮಾನ ಮಾಡ್ದೆ?"

"ಗಂಟೆ ನೋಡಿ. ಹಸಿವು, ಅವಸರ, ತಪ್ಪು ಓದಿದೆ. ನನ್ನ ಹಾಳು ವಾಚು ಗೊತ್ತಲ್ಲ ನಿನಗೆ."

"ಹೋಗ್ಲಿ ಬಿಡು" ಎಂದ ಅವನು. ಆ ಧ್ವನಿ ನನಗೆ ಈಗಲೂ ಕೇಳುತ್ತದೆ. "ಎದ್ದ ಮೇಲೆ ಅವರೇ ಹೇಳ್ತಾರೆ. ನಾನೇ ಕೇಳ್ತೀನಿ, ಏನಮ್ಮಾ ಹೇಳಿದ್ದೆ ಅಂತ."

ಲಲ್ಲಾ ಝೋರ್ ಏಳಲಿಲ್ಲ. ಭಾನುವಾರ ಮಧ್ಯಾಹ್ನ ತೀರಿಕೊಂಡರು. ಮಣ್ಣಿಗೆ ಇಡುವಾಗ ಆಸ್ಪತ್ರೆಯ ನಾಲ್ವರು ಬಿಳಿ ಉಡುಪಿನವರು, ದೂರದಲ್ಲಿ ಒಬ್ಬ ಇಮಾಮ್, ಅದಕ್ಕೂ ದೂರದಲ್ಲಿ ಪೊಲೀಸರ ಪಕ್ಕ ಮೂನಿಮ್. ನನ್ನನ್ನು ಗೇಟಿನಾಚೆಗೇ ನಿಲ್ಲಿಸಿದರು.

ಈದ್‌ಗೆ ಮೂರು ದಿನ ಮುಂಚೆ ಅವನು ಕೆಲಸಕ್ಕೆ ಮರಳಿದ. ಹದಿನಾರು ವರ್ಷ ನನ್ನನ್ನು ನೀನು, ಹಠಮಾರಿ, ಮುದುಕಿ ಎಂದೆಲ್ಲ ಕರೆದವನು ಅಂದು "ಈ ಕಾಗದ ನೋಡಿ, ತೂರಿಯಾ ಅವರೇ" ಎಂದ. ನಾಲ್ಕು ಜನರ ಮುಂದೆ ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಮೇಜನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಚಹಾ ಒಬ್ಬನೇ ಕುಡಿದ. ಈದ್ ಬಂತು, ಹೋಯಿತು. ನಮ್ಮಲ್ಲಿ ಈದ್ ದಿನ ಶತ್ರುಗೂ ಕ್ಷಮಿಸು ಎನ್ನುತ್ತಾರೆ. ನಾನು ಅವನ ಮನೆಯ ಬಾಗಿಲಿಗೆ ಹೋಗಿ ಬಡಿದೆ. ಒಳಗೆ ದೀಪವಿತ್ತು. ಅವನು ತೆಗೆಯಲಿಲ್ಲ. ಕೆಲ್ತೂಮ್‌ಳನ್ನು ಕೇಳು, ಅವಳಿಗೆ ನೆನಪಿರಬಹುದು ಎಂದು ಚೀಟಿ ಬರೆದು ಅವನ ಮೇಜಿನ ಮೇಲಿಟ್ಟೆ. ಅದನ್ನು ಮಡಚಿ ಬುಟ್ಟಿಗೆ ಹಾಕಿದ. ನನ್ನಿಂದ ಬಂದ ಏನೂ ಅವನಿಗೆ ಬೇಕಿರಲಿಲ್ಲ. ಅತ್ತೆ. ಸಿಟ್ಟೂ ಬಂತು. ನಿನ್ನದೇ ಗಡಿಯಾರ ಕಣೋ ಎಂದು ನಾಲಿಗೆ ತುದಿಯವರೆಗೆ ಎರಡು ಸಲ ಬಂದು, ನುಂಗಿಕೊಂಡೆ.

ಮೇ ಮೂವತ್ತೊಂದು, ಭಾನುವಾರ, ಗಡಿಯಾರ ಮತ್ತೆ ಮುಂದಕ್ಕೆ ಹೋದ ದಿನ. ಎಲ್ಲ ಸರಿಯಿದೆಯೇ ನೋಡೋಣವೆಂದು ಬೆಳಿಗ್ಗೆ ಕೋಣೆಗೆ ಹೋದರೆ ಮೂನಿಮ್ ಆಗಲೇ ಬಂದಿದ್ದ. ಪರದೆಯ ಮೇಲೆ ಲೂಯಿಝಾ ತೆರೆದಿತ್ತು. ಅವನು ಯಾಕೆ ಬಂದಿದ್ದಾನೆಂದು ನನಗೆ ಆಗ ಹೊಳೆಯಿತು. ಹೋದ ವರ್ಷವೂ ಈದ್ ಆದ ಮೇಲಿನ ಇಂಥದೇ ಭಾನುವಾರ ಅವನು ಅದಕ್ಕೇ ಬಂದಿದ್ದ. ಇಷ್ಟೆಲ್ಲ ಮುಚ್ಚಿದವಳು ಇದೊಂದನ್ನು ಯೋಚಿಸಿರಲಿಲ್ಲ.

"ಇದರ ಗಂಟೆ ಸರಿಯಾಗಿದೆ, ನೆಟ್‌ವರ್ಕನ್ನ ಕೇಳಿ ನಡೀತಿದೆ" ಎಂದ, ತಿರುಗದೆ.

"ತಾನಾಗೇ ಆಗಿರ್ಬೇಕು."

"ಇದು ತಾನಾಗಿ ಆಗಲ್ಲ ತೂರಿಯಾ. ಆಗದ ಹಾಗೆ ಕಟ್ಟಿಹಾಕಿದ್ದೇ ನಾನು." ಪರದೆಯನ್ನೇ ನೋಡುತ್ತ, "ಯಾವತ್ತು ಸರಿ ಮಾಡ್ದೆ?" ಎಂದ.

ಸುಳ್ಳು ಹೇಳಲು ಬಾಯಿ ತೆರೆದೆ, ಬರಲಿಲ್ಲ. "ಹದಿನೈದಕ್ಕೆ. ಬೆಳಿಗ್ಗೆ."

ಅವನು ಬೆರಳು ಮಡಚಿ ಎಣಿಸಿದ, ಶಾಲೆಯ ಹುಡುಗನ ಹಾಗೆ. "ಅಂದ್ರೆ ಹದಿನಾಲ್ಕಕ್ಕೆ ಇದು ಒಂದು ಗಂಟೆ ಮುಂದಿತ್ತು. ಏಪ್ರಿಲಲ್ಲಿ ನಾನು ಮುಟ್ಟೇ ಇಲ್ಲ. ನೀನು ಓದಿದ್ದು ತಪ್ಪಲ್ಲ. ಇದೇ ತಪ್ಪು ಹೇಳಿದ್ದು."

"ನನ್ನ ವಾಚೂ ಮುಂದಿತ್ತು. ನಕಲು ನಾನು ತೆಗೀಲಿಲ್ಲ. ಕರೆಂಟು ಕೀಳೋ ನಿಯಮ ತೆಗೆದಿದ್ದೂ ನಾನೇ. ಅದ್ಯಾವುದೂ ಸುಳ್ಳಲ್ಲ ಮೂನಿಮ್."

"ಯಾಕೆ ಮುಚ್ಚಿಟ್ಟೆ?"

"ನಿನಗೆ ಆಗ ಇದ್ದಿದ್ದೇ ಸಾಕಾಗಿತ್ತು."

ಅವನು ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. ಹತ್ತು ದಿನದಲ್ಲಿ ಅದೇ ಮೊದಲು. "ನಿನ್ನ ಮೇಲಿನ ಸಿಟ್ಟಲ್ಲೇ ಬದುಕಿದ್ದೆ ಕಣೇ ನಾನು. ಬೆಳಿಗ್ಗೆ ಎದ್ದು ಮೊದಲು ನಿನ್ನ ಬೈಯೋದು, ಆಮೇಲೆ ಮುಖ ತೊಳೆಯೋದು. ಹೇಗೋ ದಿನ ಹೋಗ್ತಿತ್ತು. ಈಗ ನಾಳೆ ಬೆಳಿಗ್ಗೆ ಎದ್ದು ಯಾರನ್ನ ಬೈಲಿ?"

"ನನ್ನನ್ನೇ ಬೈ. ನನಗೇನೂ ಸವೆಯಲ್ಲ."

ಅವನು ನಗಲಿಲ್ಲ. ಕೀಬೋರ್ಡನ್ನು ಆಚೆ ಸರಿಸಿ ಮೇಜಿನ ಮೇಲೆ ತಲೆಯಿಟ್ಟ. ಅವನ ಬೆನ್ನು ಅಲುಗುವುದನ್ನು ನೋಡುತ್ತ ನಿಂತೆ. ಮುಟ್ಟಬಾರದ ಕಾಲ ಅದು. ಒಂದೂವರೆ ಮೀಟರ್ ದೂರ ನಿಲ್ಲಬೇಕು ಎಂದು ನೆಲದ ಮೇಲೆ ಹಳದಿ ಪಟ್ಟಿ ಅಂಟಿಸಿದ್ದರು. ನಾನು ದಾಟಿಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟೆ.

ಬಹಳ ಹೊತ್ತಾದ ಮೇಲೆ ತಲೆಯೆತ್ತಿ, "ಕೆಲ್ತೂಮ್ ಇವತ್ತು ಇದ್ದಾಳಾ?" ಎಂದ.

ಕೆಲ್ತೂಮ್ ಅಂಗಳದ ಕಿತ್ತಳೆ ಮರದ ಕೆಳಗೆ, ಪಾಳಿ ಮುಗಿಸಿ ಕೂತಿದ್ದಳು. ಮಾಸ್ಕಿನ ದಾರ ಕೆನ್ನೆಯ ಮೇಲೆ ಗೆರೆ ಕೊರೆದಿತ್ತು. ಎರಡು ತಿಂಗಳಲ್ಲಿ ಎಷ್ಟು ಜನರ ಬಾಯಿಯ ಹತ್ತಿರ ಆ ಟ್ಯಾಬ್ ಹಿಡಿದಿದ್ದಳೋ. ಮೂನಿಮ್ ಕೇಳುವ ಮೊದಲೇ ಅವಳಿಗೆ ಅರ್ಥವಾಯಿತು.

"ನಿಮ್ಮಮ್ಮನ್ನ ಮರೆಯೋಕಾಗತ್ತಾ ಸಿ ಮೂನಿಮ್. ಎಲ್ಲಾ ನೆನಪಿದೆ ನನಗೆ. ಮೊದಲು ತಲೆವಸ್ತ್ರ ಸರಿ ಮಾಡ್ಕೊಂಡ್ರು, ಫೋಟೋ ತೆಗೀತೀವೇನೋ ಅನ್ನೋ ಹಾಗೆ. ಆಮೇಲೆ ತೂದಾ, ತೂದಾ ಅಂತ ಎಷ್ಟು ಸಲ ಅಂದ್ರು. ತೂದಾಳ ಮದುವೆಗೆ ನಾನು ಹೋಗದೇ ಇದ್ದದ್ದು ಆ ಹುಡುಗನ ಮೇಲಿನ ಸಿಟ್ಟಿಗಲ್ಲ, ಊರೋರ ಮುಂದೆ ನನ್ನ ಮಾತು ನಡೀಲಿಲ್ಲ ಅನ್ನೋ ಬಿಂಕಕ್ಕೆ, ತಪ್ಪು ನಂದೇ ಅಂದ್ರು. ಬೆಳ್ಳಿ ಬಳೆ ಎರಡೂ ಅವಳಿಗೇ, ಹಿಟ್ಟಿನ ಡಬ್ಬೀಲಿ ಕೆಳಗೆ ಇಟ್ಟಿದ್ದೀನಿ, ಯಾರೂ ನೋಡೋಕೆ ಮುಂಚೆ ತಗೊಂಡು ಹೋಗ್ಲಿ ಅಂದ್ರು. ಅಷ್ಟು ಹೇಳಿ ನಕ್ಕರು. ಆಮೇಲೆ ಕೆಮ್ಮು ಬಂತು, ನಿಲ್ಲಿಸ್ದೆ."

ನಾನು ಮೂನಿಮ್‌ನ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

"ತೂದಾ ನಿಮ್ಮ ತಂಗೀನಾ?" ಎಂದಳು ಕೆಲ್ತೂಮ್.

"ಹೂಂ" ಎಂದ ಮೂನಿಮ್. "ಹೇಳ್ತೀನಿ ಅವಳಿಗೆ. ಅಮ್ಮ ಹಾಗೇ, ತಲೆವಸ್ತ್ರ ಸರಿ ಮಾಡ್ಕೊಳ್ದೆ ಬಾಯಿ ತೆರೀತಿರಲಿಲ್ಲ. ದೇವರು ನಿನ್ನ ಕೈಕಾಲು ಗಟ್ಟಿ ಇಟ್ಟಿರ್ಲಿ ಕೆಲ್ತೂಮ್."

ಅವಳ ಕಣ್ಣು ತುಂಬಿತು. ತಾನೊಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ಆ ದಣಿದ ಮುಖದಲ್ಲಿ ಕಂಡಿತು. ನಾವು ಅಂಗಳ ದಾಟಿ ಕೋಣೆಗೆ ಬಂದೆವು. ಅವನು ಬಾಗಿಲು ಹಾಕಿದ.

"ನಮ್ಮ ವಂಶದಲ್ಲೇ ತೂದಾ ಅಂತ ಯಾರೂ ಇಲ್ಲ."

"ಗೊತ್ತು ಕಣೋ" ಎಂದೆ. "ವಾಪಸ್ ಹೋಗೋಣ. ಅವಳಿಗೆ ಇಬ್ಬರದು ಕಲಸಿಹೋಗಿದೆ. ನಿಧಾನವಾಗಿ ಕೇಳಿದ್ರೆ ಅಮ್ಮನದೂ ನೆನಪಿಗೆ ಬರಬಹುದು."

"ಬೇಡ. ನನ್ನಮ್ಮನದು ಅವಳ ಹತ್ರಾನೂ ಇಲ್ಲ. ಅದು ಅವಳಿಗೆ ಗೊತ್ತಾಗೋದು ಬೇಡ."

ಅಲ್ಲಿಗೆ ಮುಗಿಯಿತು. ಆ ನಾಲ್ಕು ನಿಮಿಷ ಇನ್ನು ಯಾವ ಯಂತ್ರದಲ್ಲೂ, ಯಾವ ಮನುಷ್ಯರ ತಲೆಯಲ್ಲೂ ಇರಲಿಲ್ಲ. ಅವನು ಗೋಡೆ ನೋಡುತ್ತ ಕೂತ.

"ಆ ಹನ್ನೊಂದು ಜನದಲ್ಲಿ ಅಮ್ಮನ್ನ ಬಿಟ್ರೆ ಇನ್ಯಾರು ಹೋದ್ರು?" ಎಂದು ಕೇಳಿದ.

ನನಗೆ ಬಾಯಿಪಾಠವಾಗಿತ್ತು. ಒಂಬತ್ತು ಜನ ಬದುಕಿ ಮನೆಗೆ ಹೋಗಿದ್ದರು. ಹೋದವರು ಇಬ್ಬರು. ಒಬ್ಬರು ಲಲ್ಲಾ ಝೋರ್. ಇನ್ನೊಬ್ಬರು ರಬ್ಹಾ ಎಂಬ ಮುದುಕಿ, ಗುಡ್ಡದ ಕಡೆಯ ಅಝ್ರೂ ಊರಿನವರು. ದಾಖಲಾತಿಯ ಹಾಳೆ ತೆರೆದೆ. ಯಾರಿಗೆ ತಿಳಿಸಬೇಕು ಎಂಬಲ್ಲಿ ಬರೆದಿತ್ತು: ತೂದಾ, ಮಗಳು. ಕೆಳಗೆ ನಂಬರು.

"ಕೊಡು, ನಾನು ಮಾಡ್ತೀನಿ" ಎಂದು ಫೋನಿಗೆ ಕೈಚಾಚಿದೆ. ಅವನು ಕೊಡಲಿಲ್ಲ. ತಾನೇ ಒತ್ತಿ, ನನಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ಯಾರು?" ಒಂದು ಹೆಂಗಸಿನ ಧ್ವನಿ. ಹಿಂದೆ ಎಲ್ಲೋ ಕೋಳಿಗಳ ಸದ್ದು.

"ತೂದಾ ಅವರಾ? ಮೆಕ್ನೆಸ್ ಆಸ್ಪತ್ರೆಯಿಂದ, ತಂಗೀ. ನಿಮ್ಮ ತಾಯಿ ಹೋಗೋಕೆ ಮುಂಚೆ ನಿಮಗೆ ಅಂತ ಮಾತಾಡಿ ಇಟ್ಟಿದ್ರು. ಆ ಧ್ವನಿ ಉಳಿದಿಲ್ಲ. ಅದು ನನ್ನ ತಪ್ಪು. ಮಾತು ಮಾತ್ರ ಇದೆ. ಹೇಳ್ಲಾ?"

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಅವನು ಹೇಳತೊಡಗಿದ. ತಲೆವಸ್ತ್ರ ಸರಿ ಮಾಡಿಕೊಂಡದ್ದು, ಮದುವೆ, ಬಿಂಕ, ತಪ್ಪು ನಂದೇ ಎಂದದ್ದು, ಹಿಟ್ಟಿನ ಡಬ್ಬಿ, ಬಳೆ, ನಗು. ಕೆಲ್ತೂಮ್ ಹೇಳಿದ್ದರಲ್ಲಿ ಒಂದು ಮಾತೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.

"ಏಳು ವರ್ಷ ನನ್ನ ಹೆಸರೆತ್ತಿರಲಿಲ್ಲ ಅವಳು" ಎಂದಳು ತೂದಾ. "ನನ್ನ ಹೆಸರು ಹೇಳಿದ್ಲಾ? ನಿಜವಾಗ್ಲೂ?"

"ಹೇಳಿದ್ರು. ತುಂಬಾ ಸಲ."

"ಇನ್ನೊಂದ್ಸಲ ಹೇಳಿ ಅಣ್ಣ. ಮೊದಲಿಂದ."

ಅವನು ಮೊದಲಿನಿಂದ ಹೇಳಿದ. ಅವಳು ಮತ್ತೆ ಕೇಳಿದಳು, ಅವನು ಮತ್ತೆ ಹೇಳಿದ. ಮೂರನೇ ಸಲ ಬಳೆಯ ಮಾತಿಗೆ ಬಂದಾಗ ಅವನು ಅತ್ತುಬಿಟ್ಟ. ಆದರೂ ನಿಲ್ಲಿಸಲಿಲ್ಲ. ಅವಳು ಬಿಕ್ಕುತ್ತಲೇ ಅವನನ್ನು ಸಮಾಧಾನ ಮಾಡಿದಳು. ಆಮೇಲೆ ನಮ್ಮಲ್ಲಿ ಉಪಕಾರ ಮಾಡಿದವರನ್ನು ಎಲ್ಲರೂ ಹರಸುವ ಹಾಗೆ ಹರಸಿದಳು.

"ದೇವರು ನಿಮ್ಮ ತಾಯೀನ ನಿಮಗೆ ಉಳಿಸಿಕೊಡ್ಲಿ ಅಣ್ಣ."

"ಆಮೀನ್" ಎಂದ ಮೂನಿಮ್.